ಒಂದು ನುಡಿ ಬಾಕಿ ಉಳಿದ ಕ್ಯಾಸೆಟ್

ಮೈಕ್‌ಸೆಟ್ ಬಾಡಿಗೆಗೆ ಕೊಡುವ ಕಸುಬಿಗೆ ಹೊಸದಾಗಿ ಬಂದವರಿಗೆ ನಾನು ಹೇಳುವ ಮೊದಲ ಮಾತು ಇದು: ಹಾಡುವವರು ಬಂದು ನಿಂತಾಗ ಅವರ ಬಾಯಿ ನೋಡಬೇಡಿ, ಕಾಲು ನೋಡಿ. ಕಾಲು ಅಂಜಿದ್ದರೆ ದನಿಯ ಗುಂಡಿಯನ್ನು ಎಷ್ಟು ತಿರುವಿದರೂ ಹೊರಗೆ ಬರುವುದು ಬರೀ ಗದ್ದಲ. ಕಾಲು ನೆಲ ಕಚ್ಚಿ ನಿಂತಿದ್ದರೆ ಗುಂಡಿ ಅರ್ಧ ತಿರುವಿದರೆ ಸಾಕು, ಬ್ಯಾಟರಿಯೂ ಉಳಿಯುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಶಿಗ್ಗಾಂವಿ ತಾಲೂಕಿನ ಒಬ್ಬ ಗೀಗೀ ಹಾಡುವ ಹೆಣ್ಣುಮಗಳ ಕಾಲು ನೋಡಿ ಕಲಿತೆ. ಆಕೆ ಹೋದ ವರ್ಷ ತೀರಿಕೊಂಡಳು. ತುಂಬಿದ ವಯಸ್ಸು, ಹಾಸಿಗೆ ಹಿಡಿಯಲಿಲ್ಲ, ಯಾರಿಗೂ ಭಾರವಾಗಲಿಲ್ಲ. ಆದ್ದರಿಂದ ಅಳುತ್ತ ಬರೆಯುವ ಕಾರಣವಿಲ್ಲ.

ಹೆಸರು ಬರೆಯುವುದಿಲ್ಲ. ಪದದ ಕೊನೆಯ ನುಡಿಯಲ್ಲಿ, ಅಂದರೆ ಹಾಡಿನ ಕೊನೆಯ ಚರಣದಲ್ಲಿ, ಕಟ್ಟಿದವರ ಹೆಸರು ಬರುವುದು ರೂಢಿ. ಆಕೆ ಎಂದೂ ಹಾಕಲಿಲ್ಲ. ಕೇಳಿದರೆ, "ಹೆಸರು ಹಾಕಿದ್ರ ಪದ ನನ್ನ ಮನ್ಯಾಗ ಕುಂದರತೈತಿ. ಹಾಕದಿದ್ರ ಮಂದಿ ಮನಿಗೆ ಹೊಕ್ಕೈತಿ" ಅನ್ನುತ್ತಿದ್ದಳು. ಸ್ವಂತ ಪದದಲ್ಲಿ ಹಾಕದ ಹೆಸರನ್ನು ನಾನು ಹಾಕುವುದು ಸರಿಯಲ್ಲ.

ಈಗಿನ ಹುಡುಗರು ಮೈಕ್ ಹಿಡಿದು ಪಟಪಟನೆ ಪ್ರಾಸ ಹೊಡೆಯುತ್ತ, ಎದುರುಬದುರು ನಿಂತು ಒಬ್ಬರ ಮೇಲೊಬ್ಬರು ಪದ್ಯ ಎಸೆಯುತ್ತಾರಂತೆ. ಬಹಳ ಹೊಸದೆಂದು ನನ್ನ ಮೊಮ್ಮಗಳು ತೋರಿಸಿದಳು. ನಾನು ನಕ್ಕೆ. ನಮ್ಮಲ್ಲಿ ಗೀಗೀ ಮೇಳ ಅಂದರೆ ಇದೇ ತಾನೆ? ಮುಂದೆ ನಿಂತವರು ತೊಗಲಿನ ದಪ್ಪು ಬಡಿಯುತ್ತ ನುಡಿ ಹೇಳುತ್ತಾರೆ. ಹಿಂದೆ ಒಬ್ಬರು ಒಂಟಿ ತಂತಿಯ ತುಂತುಣಿ, ಒಬ್ಬರು ತಾಳ ಹಿಡಿದು "ಗೀಯ ಗಾ ಗೀ" ಎಂದು ಎಳೆಯುತ್ತಾರೆ. ಎರಡು ಮೇಳ ಎದುರಾದರೆ ಪದದಲ್ಲೇ ಸವಾಲು, ಪದದಲ್ಲೇ ಜವಾಬು. ಗಂಡು ಹೆಚ್ಚು ಎಂದು ವಾದಿಸುವವರು ಹರದೇಶಿ, ಹೆಣ್ಣು ಹೆಚ್ಚು ಎಂದು ವಾದಿಸುವವರು ನಾಗೇಶಿ. ನಾನು ಅಕ್ಕ ಎಂದು ಕರೆಯುತ್ತಿದ್ದ ಆ ಹೆಣ್ಣುಮಗಳು ನಾಗೇಶಿ.

ಆಕೆಯನ್ನು ನಾನು ಮೊದಲು ಕಂಡದ್ದು ತಡಸದ ಒಂದು ಮದುವೆಯಲ್ಲಿ, ಎಪ್ಪತ್ತರ ದಶಕದ ನಡುವೆ. ಹಾನಗಲ್ಲಿನ ಬಸ್ ನಿಲ್ದಾಣದ ಹಿಂದೆ ಆಗ ನನ್ನದೊಂದು ಡಬ್ಬಿ ಅಂಗಡಿ. ಎರಡು ಹಾರ್ನು, ಒಂದು ಆಂಪ್ಲಿಫಯರ್, ಒಂದು ಹಳೆ ಲಾರಿ ಬ್ಯಾಟರಿ. ಹಾರ್ನುಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಊರೂರು ತಿರುಗಿ, ಬೀಗರ ಜೊತೆ ಚೌಕಾಶಿ ಮಾಡಿ ಮೇಲೆ ಬಂದವನು ನಾನು. ಆ ದಿನ ಮದುವೆಗೆ ಕರೆಸಿದ್ದ ದೊಡ್ಡ ಮೇಳದವರ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತು. ಊಟ ಮುಗಿಸಿದ ಮಂದಿ ಏಳತೊಡಗಿದಾಗ ಯಾರೋ, "ನಮ್ಮ ಹೊಲದಾಗ ಶೇಂಗಾ ಹರಿಯೋ ಹೆಣಮಕ್ಕಳು ಚಲೋ ಹಾಡ್ತಾರ, ಕರೀರಿ" ಅಂದರು. ಮೂವರು ಬಂದರು. ಮುಂದೆ ಆಕೆ, ಮೂವತ್ತೆಂಟರ ಆಸುಪಾಸು, ಬಿಸಿಲಿಗೆ ಒಣಗಿದ ಎತ್ತರದ ಮೈ. ಹಿಂದೆ ತಾಳ ಹಿಡಿದ ನಾದಿನಿ. ಅವರ ಹಿಂದೆ ತುಂತುಣಿ ಹಿಡಿದ ಅವರ ಕೇರಿಯ ಒಬ್ಬ ಮುದುಕ. ಮಂಟಪದ ಒಳಗೆ ಬರಲು ಅವರಿಗೆ ಯಾರೂ ಹೇಳಲಿಲ್ಲ. ಅಂಗಳದ ಅಂಚಿನಲ್ಲಿ ಅವರೇ ನಿಂತರು, ಆಕೆಯ ಕಾಲು ನೆಲ ಕಚ್ಚಿತ್ತು.

ನಾನು ಇದ್ದಲ್ಲಿಂದಲೇ ಕೂಗಿದೆ. "ಏ ಬಾಯೀ, ಮೈಕಿನ ಹತ್ತರ ಬಾ."

"ಯಾಕ್ರೀ, ನಿಮ್ಮ ಮೈಕಿಗೆ ಕಾಲಿಲ್ಲೇನು? ಬೇಕಾದ್ರ ಅದ ಬರಲಿ."

ಮಂದಿ ಹೋ ಎಂದು ನಕ್ಕಿತು. ನಾನು ಮೈಕಿನ ಕೋಲು ಹೊತ್ತುಕೊಂಡು ಅಂಗಳದ ಅಂಚಿಗೆ ಹೋದೆ. ನನ್ನ ಹಿಂದೆ ಮಂದಿಯೂ ಎದ್ದು ಬಂದರು. ಮಂಟಪದಲ್ಲಿ ಉಳಿದವರು ಮದುಮಕ್ಕಳು ಇಬ್ಬರೇ. ಆಮೇಲೆ ಅವರೂ ಬಂದರು. ಅಕ್ಕ ಹಾಡಿದ್ದು ಏನು? ದಾರಿಯಲ್ಲಿ ಕೆಟ್ಟು ನಿಂತ ಬಸ್ಸಿನ ಮೇಲೆ ಅಲ್ಲೇ ಕಟ್ಟಿದ ಪದ. ಅದರೊಳಗೆ ಹೋಳಿಗೆಗೆ ತುಪ್ಪ ಕಡಿಮೆ ಎಂದು ಮುನಿದು ಕುಳಿತಿದ್ದ ಮದುಮಗನ ಸೋದರಮಾವ ಬಂದ, ತಡಸದ ಗಾಳಿ ಬಂತು, ಮೈಕ್ ಹೊತ್ತುಕೊಂಡು ಬಂದ ನಾನೂ ಬಂದೆ. ಬಾಡಿಗೆಗೆ ಮಾತಾಡಿದ ಹೊತ್ತು ಮುಗಿದರೆ ಬ್ಯಾಟರಿಯ ತಂತಿ ಕೀಳುವುದು ನನ್ನ ನಿಯಮ. ಆ ದಿನ ಕೀಳಲು ಕೈ ಬರಲಿಲ್ಲ. ಅಂದೇ ತೀರ್ಮಾನಿಸಿದೆ: ಈ ಮೇಳವನ್ನು ನಾಲ್ಕು ತಾಲೂಕಿಗೆ ಒಯ್ಯುವವನು ನಾನೇ. ಕೆಲವು ದಿನಗಳಲ್ಲಿ ನಾನು "ಅಕ್ಕಾರ" ಅನ್ನತೊಡಗಿದೆ, ಆಕೆ "ತಮ್ಮಾ" ಅನ್ನತೊಡಗಿದಳು.

ಆಕೆಗೆ ಓದು ಬರೆಹ ಇರಲಿಲ್ಲ. ಪದ ಕಟ್ಟುತ್ತಿದ್ದದ್ದು ಹೊಲದಲ್ಲಿ, ಕಳೆ ಕೀಳುವಾಗ. ಸಾಲಿನ ಈ ತುದಿಯಿಂದ ಆ ತುದಿಗೆ ಹೋಗುವುದರೊಳಗೆ ಒಂದು ನುಡಿ ಆಗಬೇಕು. ನುಡಿ ಆಯಿತೆಂದರೆ ಸೆರಗಿಗೆ ಒಂದು ಗಂಟು. ಹಾಡುವ ದಿನ ಅದೇ ಸೀರೆ ಉಟ್ಟು ಬರುತ್ತಿದ್ದಳು. ಹಿಂದಿನವರು ಗೀ ಗೀ ಎಳೆಯುವಾಗ ಬೆರಳಿನಿಂದ ಒಂದೊಂದೇ ಗಂಟು ಬಿಚ್ಚುವುದು. ಸೆರಗು ಸಪಾಟಾಯಿತೆಂದರೆ ಪದ ಮುಗಿಯಿತು. ಹಾಡಿನ ನಡುವೆ ಗೌಡರೋ ಶಾನುಭೋಗರೋ "ಸಾಕು, ಮುಗಸು" ಅಂದರೆ ಸೆರಗು ಎತ್ತಿ ತೋರಿಸುತ್ತಿದ್ದಳು. "ಇನ್ನೂ ನಾಕು ಅದಾವ್ರಿ. ಅರವಿ ಗಂಟ ಹಂಗ ಉಳದ್ರ ಮನಿಗೆ ಹ್ಯಾಂಗ ಹೋಗ್ಲಿ?"

ಇನ್ನೊಂದು ಸಂಗತಿ. ಆ ಕಾಲಕ್ಕೆ ಹಾಡಲು ಕರೆದವರು ಮೇಳದವರಿಗೆ ಚಹಾ ಕೊಡುತ್ತಿದ್ದದ್ದು ಹೊರಗೆ, ಕಿಟಕಿಯ ಗೂಡಿನಲ್ಲಿ ಬೇರೆ ಇಟ್ಟ ಕಪ್ಪಿನಲ್ಲಿ. ಪದ ಬೇಕು, ಕಪ್ಪು ಮುಟ್ಟುವುದು ಬೇಡ. ಸವಣೂರಿನ ಕಡೆ ಒಮ್ಮೆ ಹೀಗಾದ ಮೇಲೆ ಅಕ್ಕ ಮೂರು ಸ್ಟೀಲಿನ ಲೋಟ ಕೊಂಡು ಚೀಲದಲ್ಲಿಟ್ಟುಕೊಂಡಳು. ಯಾರು ಎಂಥ ಕಪ್ಪು ತಂದರೂ, "ಬ್ಯಾಡ್ರಿ, ಕಂಡವರ ಕಪ್ಪಿನ್ಯಾಗ ಕುಡದ್ರ ನಮ್ಮ ದನಿ ಕೆಡತೈತಿ" ಎಂದು ತನ್ನ ಲೋಟ ಚಾಚುವುದು. ಕೊಟ್ಟವರಿಗೇ ಮುಖ ತಗ್ಗುತ್ತಿತ್ತು. ತಮಾಷೆ ಏನೆಂದರೆ, ಆಕೆಯ ಹೆಸರು ಎದ್ದ ಮೇಲೆ ಹಿರೇಕೆರೂರು ಕಡೆಯ ಮೇಲಿನ ಕೇರಿಯ ಹಾಡುಗಾರರೂ ಸ್ವಂತ ಲೋಟ ಹಿಡಿದು ತಿರುಗತೊಡಗಿದರು, ದನಿಗೆ ಒಳ್ಳೆಯದಂತೆ! ಅಕ್ಕ ಅವರಿಗೆಲ್ಲ ಬಹಳ ಗಂಭೀರವಾಗಿ, "ಸ್ಟೀಲಿಂದ ತಗೋರಿ, ಪಿಂಗಾಣಿ ನಡಿಯೂದಿಲ್ಲ" ಎಂದು ಸಲಹೆ ಕೊಡುತ್ತಿದ್ದಳು.

ಏಳೆಂಟು ವರ್ಷ ಹೀಗೇ ನಡೆಯಿತು. ಹಗಲು ಕೂಲಿ, ಕರೆ ಬಂದರೆ ಹಾಡು. ದಪ್ಪನ್ನು ಕೌದಿಯಲ್ಲಿ ಸುತ್ತಿಕೊಂಡು ನಡೆದೇ ಹೋಗುತ್ತಿದ್ದರು. ಒಳ್ಳೆಯ ಹೆಸರಿತ್ತು, ಆದರೆ ಹೆಸರು ಹತ್ತು ಹಳ್ಳಿಯ ಆಚೆ ಹೋಗಲಿಲ್ಲ. ಎಂಬತ್ತರ ದಶಕ ಶುರುವಾಗಿ ಚಹಾದಂಗಡಿ, ಟೆಂಪೋ ಎಲ್ಲ ಕಡೆ ಟೇಪ್‌ರೆಕಾರ್ಡರ್ ಬಂದಾಗ ನನ್ನ ತಲೆ ಓಡಿತು. ಆಕೆಯ ಕಾಲು ಹೋಗಲಾರದ ಕಡೆ ಕ್ಯಾಸೆಟ್ ಹೋಗುತ್ತದೆ. ಮೂವರನ್ನೂ ಬಸ್ಸು ಹತ್ತಿಸಿ ಹುಬ್ಬಳ್ಳಿಯ ಒಂದು ರೆಕಾರ್ಡಿಂಗ್ ಕೋಣೆಗೆ ಕರೆದೊಯ್ದೆ.

ಅಲ್ಲಿ ನಾನು ಮಾಡಿದ ಜಾಣತನವನ್ನು ಯಾರೂ ಮಾಡಬೇಡಿ. ಅಕ್ಕನಿಗೆ ಅರ್ಧ ತಾಸಿನೊಳಗೆ ಮುಗಿಯುವ ಪದ ಕಟ್ಟಲು ಹೇಳಿದ್ದೆ. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಮಗ್ಗುಲಿಗೊಂದು ಪದ ಎಂಬ ಲೆಕ್ಕ. ಆದರೆ ಆ ಕೋಣೆಯವನ ಬಳಿ ನಲವತ್ತೈದು ನಿಮಿಷದ ಕ್ಯಾಸೆಟ್ಟುಗಳ ಒಂದು ರಾಶಿ ಬಿದ್ದಿತ್ತು. ಚೌಕಾಶಿ ಮಾಡಿದೆ, ಅಗ್ಗಕ್ಕೆ ಹೊಡೆದೆ, ಮೀಸೆ ತಿರುವಿದೆ. ಅಕ್ಕನಿಗೆ ಹೇಳುವುದನ್ನು ಮರೆತೆ. ಅಲ್ಲ, ಮರೆಯಲಿಲ್ಲ. ಅಷ್ಟೇನು ವ್ಯತ್ಯಾಸ ಆಗದು ಅಂದುಕೊಂಡೆ.

ಮೊದಲ ಮಗ್ಗುಲಿಗೆ ಸವಾಲಿನ ಪದ. ಇಡೀ ಪದವೇ ಏರುತ್ತ ಏರುತ್ತ ಕೊನೆಗೆ ಒಂದು ಸವಾಲಿಗೆ ಬಂದು ನಿಲ್ಲುತ್ತದೆ:

ಊರಿಗಿಂತ ಮೊದಲ ಏಳೂದ್ಯಾವುದು
ಊರು ಮಲಗಿದ ಮ್ಯಾಲ ಮಲಗೂದ್ಯಾವುದು
ಎಲ್ಲಾರಿಗೂ ಉಣಿಸಿ ತಾ ಉಣ್ಣದ್ಯಾವುದು
ಹೇಳೋ ಹರದೇಶಿ, ಹೇಳಿ ದಪ್ಪು ಎತ್ತೋ

ಹಿಂದಿನವರು ಗೀಯ ಗಾ ಗೀ ಎಳೆದರು. ಯಂತ್ರದವನು ಕೈ ಎತ್ತಿದ. ಟೇಪು ಮುಗಿದಿತ್ತು. ಅಕ್ಕ ಸೆರಗು ನೋಡಿಕೊಂಡಳು.

"ತಮ್ಮಾ, ಒಂದು ಗಂಟು ಉಳೀತಲ್ಲೋ. ಜವಾಬಿನ ನುಡಿ."

"ಇನ್ನೊಂದು ಮಗ್ಗಲದಾಗ ಹಾಕೋಣ್ರಿ ಅಕ್ಕಾರ."

ಇನ್ನೊಂದು ಮಗ್ಗುಲಿಗೆ ಅತ್ತೆ-ಸೊಸೆಯ ಪದ. ಅದೂ ಭರ್ತಿಯಾಯಿತು. "ಮುಂದಿನ ಕ್ಯಾಸೆಟ್ಟಿನ್ಯಾಗ ಹಾಕೋಣ್ರಿ. ಚಾ ಕುಡಕೋತ ಕೇಳೋ ಮಂದಿ ನುಡಿ ಎಣಸತಾರೇನು?" ಅಂದೆ. ಆಕೆ ನನ್ನ ಮುಖ ನೋಡಿದಳು. "ಯಂತ್ರದ ಸಂಗತಿ ನಿನಗ ಗೊತ್ತು, ನನಗೇನು ಗೊತ್ತು" ಎಂದು ಗಂಟು ಉಳಿದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮಂದಿ ಎಣಿಸಿದರು. ಅದನ್ನಷ್ಟೇ ಎಣಿಸಿದರು. ಹಾನಗಲ್ಲಿನ ಚಹಾದಂಗಡಿಯಲ್ಲಿ ಕ್ಯಾಸೆಟ್ "ದಪ್ಪು ಎತ್ತೋ" ಎಂದು ಟಪ್ಪನೆ ನಿಂತರೆ ಸಾಕು, ವಾದ ಶುರು.

"ಕೋಳಿ ಐತಿ ಅದು. ಊರಿಗಿಂತ ಮೊದಲ ಏಳತೈತಿ."

"ಕೋಳಿ ಹೊತ್ತು ಮುಣಗೂದ್ರಾಗ ಗೂಡು ಸೇರತೈತಲ್ಲೋ ಮಾರಾಯಾ. ಅದು ಒಲಿ. ಒಲಿ ಅಂತ ಬರಕೋ."

"ಎರಡೂ ಅಲ್ರಿ," ಅಂದ ಒಬ್ಬ ಬಸ್ ಕಂಡಕ್ಟರ್. "ಅದು ನಾನ. ಹುಬ್ಬಳ್ಳಿಗೆ ಮೊದಲನೇ ಬಸ್ಸು ನಂದು, ಕಡೀ ಬಸ್ಸೂ ನಂದು."

"ನೀ ಎಲ್ಲಾರಿಗೂ ಎಂದು ಉಣಿಸೀದಿಯೋ? ಚಿಲ್ಲರ ಸೈತ ಕೊಡೂದಿಲ್ಲ!"

ಕ್ಯಾಸೆಟ್ ಹರಿದಿದೆಯೆಂದು ವಾಪಸ್ ತಂದವರಿದ್ದರು. ಉತ್ತರ ಎಲ್ಲಾದರೂ ಇದ್ದೀತೆಂದು ಎರಡೂ ಮಗ್ಗುಲನ್ನು ನಾಲ್ಕು ಸಲ ತಿರುಗಿಸಿ ಕೇಳಿದವರಿದ್ದರು. ಉತ್ತರ ಬರೆದು ನನ್ನ ಅಂಗಡಿಯ ಬಾಗಿಲ ಸಂದಿಯಲ್ಲಿ ಚೀಟಿ ತೂರಿದವರಿದ್ದರು. ಅಬಲೂರಿನಿಂದ, ಸವಣೂರಿನ ಎಲೆಪೇಟೆಯಿಂದ, ಎಲ್ಲೆಲ್ಲಿಂದಲೋ ಕ್ಯಾಸೆಟ್ ಕೇಳಿಕೊಂಡು ಬಂದರು. ಎರಡು ಸಲ ಹೊಸ ಪ್ರತಿ ಮಾಡಿಸಿದೆ. ಎಂಟು ವರ್ಷ ನಡೆದು ಬಾರದ ಹೆಸರು ಎಂಟು ವಾರದಲ್ಲಿ ಬಂತು. ನನ್ನ ಜಾಣತನಕ್ಕೆ ನಾನೇ ಬೆರಗಾದೆ. ಉತ್ತರವನ್ನು ಗುಟ್ಟಾಗಿಟ್ಟು ಎರಡನೆಯ ಕ್ಯಾಸೆಟ್ಟಿನಲ್ಲಿ ಬಿಡುವುದೆಂದು ಲೆಕ್ಕ ಹಾಕಿದೆ.

ಆದರೆ ಗೀಗೀಯವರಲ್ಲಿ ಒಂದು ಕಟ್ಟು ಇತ್ತು. ಸವಾಲು ಹಾಕಿದವರು, ಎದುರಿನವರಿಂದ ಜವಾಬು ಬಾರದಿದ್ದರೆ, ಕೂಟ ಏಳುವ ಮೊದಲು ತಾವೇ ಜವಾಬು ಹೇಳಬೇಕು. ಹೇಳದೆ ಎದ್ದರೆ ಜವಾಬು ಗೊತ್ತಿಲ್ಲದೆ ಸವಾಲು ಹಾಕಿದರೆಂದು ಲೆಕ್ಕ. ಅಂಥವರು ತಮ್ಮ ದಪ್ಪನ್ನು ಎದುರಿನವರ ಮುಂದೆ ಬೋರಲು ಇಡಬೇಕು. ಆಮೇಲೆ ಜನ್ಮಾಪಿ ಮುಂದೆ ನಿಲ್ಲುವಂತಿಲ್ಲ, ಯಾರದಾದರೂ ಹಿಮ್ಮೇಳದಲ್ಲಿ ಗೀ ಎಳೆದುಕೊಂಡು ಇರಬೇಕು. ಈ ಕಟ್ಟು ನನಗೂ ಗೊತ್ತಿತ್ತು. ಕ್ಯಾಸೆಟ್ಟಿಗೆ ಎಂಥ ಕಟ್ಟು ಅಂದುಕೊಂಡಿದ್ದೆ.

ಹಿರೇಕೆರೂರು ಕಡೆ ಹರದೇಶಿಯ ಒಬ್ಬ ಹಿರಿಯ ಹಾಡುಗಾರನಿದ್ದ. ಎಲ್ಲರೂ ಅಜ್ಜ ಅನ್ನುತ್ತಿದ್ದರು. ಆತ ಹೇಳಿ ಕಳಿಸಿದ: "ಕ್ಯಾಸೆಟ್ ಎಷ್ಟ ಕಡೆ ಹಾಡತೈತಿ, ಅಷ್ಟ ಕಡೆ ಕೂಟ ಆದಂಗ. ಆ ಹೆಣಮಗಳು ದಿನಾ ನೂರು ಸಲ ಸವಾಲ್ ಹಾಕಿ ನೂರು ಸಲ ಎದ್ದು ಹೋಗಾಕತ್ತಾಳ. ದಪ್ಪು ಬೋರಲ ಇಡಲಿ."

ಮರುದಿನ ಅಕ್ಕ ನನ್ನ ಅಂಗಡಿಗೆ ಬಂದಳು. ಸಾಮಾನ್ಯವಾಗಿ ಒಂದು ಚೇಷ್ಟೆ ಮಾಡದೆ ಒಳಗೆ ಕಾಲಿಡದವಳು ಅಂದು ನೇರ ವಿಷಯಕ್ಕೆ ಬಂದಳು.

"ಸವಣೂರಾಗ ಎಲಿಪ್ಯಾಟಿ ಬಯಲಾಗ ಕೂಟಕ್ಕ ಕರಸೀನಿ, ಬರೂ ಐತವಾರ ಮಧ್ಯಾಹ್ನ. ಅಜ್ಜಗೂ ಹೇಳಿ ಕಳಿಸೀನಿ. ಜವಾಬು ಅಲ್ಲೇ ಹೇಳಿಬಿಡತೇನಿ."

"ಅಕ್ಕಾರ, ಎರಡು ತಿಂಗಳು ತಡೀರಿ. ಈಗ ಹೇಳಿದ್ರ ಕ್ಯಾಸೆಟ್ ಸತ್ತಂಗ. ಎರಡನೇದ್ದು ಯಾರು ತಗೋತಾರ?"

"ನಿನ್ನ ಕ್ಯಾಸೆಟ್ ಎರಡು ತಿಂಗಳು ಬದುಕಬೇಕಂದ್ರ ನಾ ಎರಡು ತಿಂಗಳು ಮುಖಾ ಮುಚಗೊಂಡು ತಿರಗಬೇಕಲ್ಲೋ. ಮೊನ್ನಿ ನಮ್ಮ ನಾದಿನಿನ್ನ ಹೊಲದಾಗ ಮಂದಿ ಕೇಳಿದ್ರಂತ, ನಿಮ್ಮ ವೈನಿಗೆ ಜವಾಬು ಬರೂದಿಲ್ಲಂತ, ಖರೇ ಏನು ಅಂತ. ಶೇಂಗಾ ಹರಿಯೋ ಕೈಯಾಗ ದಪ್ಪು ಹಿಡದು ನಿಂದರಬೇಕಾದ್ರ ನನಗ ಎಷ್ಟು ವರ್ಷ ಹತ್ತಿತು, ನಿನಗ ಗೊತ್ತೈತಿ."

ನನಗೆ ಸಿಟ್ಟು ಬಂತು. ತಪ್ಪು ನಮ್ಮದೇ ಇದ್ದಾಗ ಸಿಟ್ಟು ಬೇಗ ಬರುತ್ತದೆ, ಗಮನಿಸಿ. "ಹಂಗಂದ್ರ ನಾ ಮೈಕ್ ತರೂದಿಲ್ರಿ" ಅಂದೆ.

"ತರಬ್ಯಾಡ. ಮೈಕ್ ಇದ್ರ ಮಂದಿ ಮಾತಾಡಕೋತ ಕೇಳತಾರ. ಇಲ್ಲಂದ್ರ ಬಾಯಿ ಮುಚಗೊಂಡು ಕೇಳತಾರ" ಎಂದು ಎದ್ದು ಹೋದಳು.

ಮೈಕ್ ಒಯ್ಯಲಿಲ್ಲ. ಆದರೆ ನಾನು ಹೋದೆ. ಸವಣೂರಿನ ಬಯಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ವೀಳ್ಯದೆಲೆ ಮಾರುವವರು ಬುಟ್ಟಿ ಮುಚ್ಚಿ ಬಂದಿದ್ದರು, ಬಸ್ಸಿನ ಮೇಲೆ ಮಂದಿ ಕುಳಿತಿದ್ದರು. ನಾಲ್ಕೂ ತಾಲೂಕಿನ ಹೆಂಗಸರು, ಅಡುಗೆ ಬಿಟ್ಟು ಬಂದವರಂತೆ ಸೆರಗು ಸಿಕ್ಕಿಸಿಕೊಂಡು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಅಜ್ಜ ತನ್ನ ಮೇಳದ ಜೊತೆ ಒಂದು ಕಡೆ, ಅಕ್ಕ ಒಂದು ಕಡೆ. ಆಕೆ ತನ್ನ ದಪ್ಪನ್ನು ಎದುರಿಗೆ ನೆಲದ ಮೇಲೆ ಮುಖ ಮೇಲಾಗಿ ಇಟ್ಟುಕೊಂಡಿದ್ದಳು. ಬೋರಲು ಮಾಡುವುದಾದರೆ ಒಂದು ಕೈ ತಿರುವಿದರೆ ಸಾಕಿತ್ತು.

ಅಜ್ಜನಿಗೆ ಮೊದಲು ಅವಕಾಶ ಸಿಕ್ಕಿತು. ಆತ ಕೋಳಿಯ ಮೇಲೆ ಆರು ನುಡಿ ಹೇಳಿದ. ಎಲೆಪೇಟೆಯ ಹಿರಿಯರು ತಲೆ ಅಲ್ಲಾಡಿಸಿದರು, ಒಪ್ಪಲಿಲ್ಲ. ಮಂದಿಯ ಕಡೆಯಿಂದ "ಒಲಿ! ಒಲಿ!" ಎಂದು ಕೂಗು ಎದ್ದಿತು. ಅಕ್ಕ ದಪ್ಪು ಎತ್ತಿಕೊಂಡಳು. ಬಯಲು ಗಪ್ಪಾಯಿತು. ನನ್ನ ಕಸುಬಿನಲ್ಲಿ ಅಷ್ಟು ಮಂದಿ ಅಷ್ಟು ಸುಮ್ಮನೆ ಕುಳಿತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಒಲಿ ಅಂದವರು ಅರ್ಧಾ ಗೆದ್ದೀರಿ
ಒಲಿ ತನ್ನಷ್ಟಕ್ಕ ತಾನ ಎದ್ದೀತೇನ್ರಿ
ಬೂದ್ಯಾಗ ಮಲಗಿದ ಕೆಂಡ ಎಬಿಸಿದ್ದು
ಹಡದವ್ವನ ಉಸುರು, ಊದಿದ್ದು ಮರತೀರಿ

ಹಿಂದಿನ ನಾದಿನಿ ಗೀಯ ಗಾ ಗೀ ಎನ್ನುವ ಮೊದಲೇ ಮುಂದಿನ ಸಾಲಿನ ಹೆಂಗಸರು ಅಂದರು. ಆಮೇಲೆ ಇಡೀ ಬಯಲು ಅಂದಿತು. ಹರದೇಶಿಯ ಅಜ್ಜ ಎದ್ದು ನಿಂತು, "ಇದು ನನಗ ಮೊದಲ ಗೊತ್ತಿತ್ತು" ಅಂದ.

"ಗೊತ್ತಿದ್ರ ಎರಡು ತಿಂಗಳಿಂದ ಕೋಳಿ ಕೋಳಿ ಅಂತ ನಮ್ಮ ತಲಿ ಯಾಕ ತಿಂದ್ರಿ?" ಎಂದು ಆತನ ಮೇಳದ ತುಂತುಣಿಯವನೇ ಕೇಳಿದ. ಬಯಲಿಗೆ ಬಯಲೇ ನಕ್ಕಿತು. ಅಜ್ಜನೂ ನಕ್ಕ. ಆತ ದೊಡ್ಡ ಮನುಷ್ಯ. ಅಕ್ಕನ ಬಳಿ ಬಂದು ದಪ್ಪಿಗೆ ಕೈಮುಟ್ಟಿಸಿ ಹಣೆಗೆ ಒತ್ತಿಕೊಂಡ. ಆದರೆ ಕಟ್ಟು ಬಿಡಲಿಲ್ಲ.

"ಜವಾಬು ಬಂತು, ಖರೆ. ತಡಾ ಆಗಿದ್ದೂ ಖರೆ. ತಡಾದ ತಪ್ಪಿಗೆ ಯಾರರ ಒಬ್ಬರು ಹಿಮ್ಮ್ಯಾಳಕ್ಕ ಹೋಗಬೇಕು. ಆ ತಪ್ಪು ಯಾರದು?"

ಅಕ್ಕ ಕಣ್ಣಾಡಿಸಿ ಮಂದಿಯ ನಡುವೆ ತಗ್ಗಿ ಕುಳಿತಿದ್ದ ನನ್ನನ್ನು ಹುಡುಕಿದಳು. "ಅಗೋ, ನುಡಿ ಕತ್ತರಿಸಿದಾವ ಅಲ್ಲಿ ಕುಂತಾನ."

ನನ್ನನ್ನು ಎತ್ತಿ ತಂದು ನಿಲ್ಲಿಸಿದರು. ನಾನು ಚೌಕಾಶಿಗೆ ಇಳಿದೆ. "ಅಜ್ಜಾರ, ನನ್ನ ದನಿ ಹರಕ ಐತ್ರಿ. ಒಂದು ಪದಕ್ಕ ನಿಂದರತೇನಿ, ಮುಗಸ್ರಿ."

"ಒಂದು ವರ್ಷ."

"ಅಷ್ಟು ಆಗೂದಿಲ್ರಿ, ಅಂಗಡಿ ಐತಿ. ಒಂದು ಕ್ಯಾಸೆಟ್ಟಿಗೆ ನಿಂದರತೇನಿ."

"ಅಂಗಡಿ ಐತಿ ಅಂದ್ಯಲ್ಲ, ಹಂಗಾದ್ರ ಈಕಿ ಮುಂದ ನಿಂತು ಹಾಡೂತನಕ ನೀ ಹಿಂದ."

"ಅಜ್ಜಾರ, ಒಂದು ವರ್ಷ ಅಂತ ನೀವ ಅಂದಿದ್ರಿ!"

"ಚೌಕಾಶಿ ಮಾಡಬ್ಯಾಡ ತಮ್ಮಾ," ಅಂದಳು ಅಕ್ಕ, "ಇನ್ನೂ ಏರತೈತಿ."

ನನ್ನ ಬದುಕಿನಲ್ಲಿ ನಾನು ಬಾಯಿ ಬಿಟ್ಟ ಹಾಗೆಲ್ಲ ಏರುತ್ತ ಹೋದ ವ್ಯವಹಾರ ಅದೊಂದೇ. ನಿಮಗೂ ಹೇಳುತ್ತೇನೆ, ಎದುರಿನವರ ಕೈಯಲ್ಲಿ ನ್ಯಾಯ ಇದ್ದಾಗ ಚೌಕಾಶಿಗೆ ಇಳಿಯಬೇಡಿ.

ಉತ್ತರ ತಿಳಿದ ಮೇಲೆ ಕ್ಯಾಸೆಟ್ ಸಾಯಲಿಲ್ಲ. ನಾನು ಅಲ್ಲಿಯೂ ತಪ್ಪಿದ್ದೆ. ಉತ್ತರ ಗೊತ್ತಿದ್ದವರು ಗೊತ್ತಿಲ್ಲದವರನ್ನು ಕೂಡಿಸಿ ಕೇಳಿಸತೊಡಗಿದರು, ಅವರು ತಡವರಿಸುವುದನ್ನು ನೋಡುವ ಖುಷಿಗೆ. ಎರಡನೆಯ ಕ್ಯಾಸೆಟ್ ಅರವತ್ತು ನಿಮಿಷದ್ದು. ಟೇಪು ಸಾಲುತ್ತದೆಯೋ ಇಲ್ಲವೋ ಎಂದು ಅಕ್ಕ ಯಂತ್ರದವನನ್ನು ಮೂರು ಸಲ ಕೇಳಿದಳು, ನನ್ನನ್ನು ಒಂದು ಸಲವೂ ಕೇಳಲಿಲ್ಲ. ಆಮೇಲೆ ಧಾರವಾಡದ ರೇಡಿಯೋ, ಬೆಳಗಾವಿ, ಬಿಜಾಪುರ, ಒಮ್ಮೆ ಬೆಂಗಳೂರು. ಕೂಲಿಗೆ ಹೋಗುವುದು ನಿಂತಿತು. ಕಳೆ ಕೀಳುವುದು ಮಾತ್ರ ನಿಲ್ಲಲಿಲ್ಲ, ಈಗ ತನ್ನದೇ ಎರಡು ಎಕರೆಯಲ್ಲಿ. ಎಲ್ಲ ಕಡೆಯೂ ಹಿಂದೆ ಮೂರನೆಯವನಾಗಿ ನಾನು. ಎರಡನೆಯ ಕ್ಯಾಸೆಟ್ ಕೇಳಿದ ಆ ಕಂಡಕ್ಟರ್ ನನ್ನ ಅಂಗಡಿಯಲ್ಲೇ ನಿಂತು, "ಎಲ್ಲಾ ಚಲೋ ಐತ್ರಿ, ಹಿಂದ ಯಾರೋ ಬಾಗಿಲಾ ಎಳದಂಗ ಕೇಳತೈತಲ್ಲ, ಅದನ್ನ ತಗಸ್ರಿ" ಅಂದ.

ಎಂಬತ್ತರ ದಶಕದ ಕೊನೆಗೆ ಅಕ್ಕನ ಮುಂದಿನ ಹಲ್ಲು ಎರಡು ಬಿದ್ದವು. ನುಡಿ ಸೋರುತ್ತದೆ ಎಂದಳು. ಹಾನಗಲ್ಲಿನಲ್ಲಿ ಒಂದು ಸಂಜೆಯ ಕಾರ್ಯಕ್ರಮ. ಯಾರಿಗೂ ಮೊದಲು ಹೇಳಿರಲಿಲ್ಲ. ಎರಡು ಪದ ಹಾಡಿ, ಬೆವರು ಒರೆಸಿಕೊಂಡು, ದಪ್ಪನ್ನು ಹಿಂದೆ ತಿರುಗಿ ನಾದಿನಿಯ ಕೈಗೆ ಕೊಟ್ಟು, ಅವಳ ಕೈಯ ತಾಳ ತಾನು ತೆಗೆದುಕೊಂಡಳು. ನಾದಿನಿ ಅಳತೊಡಗಿದಳು. "ಅಳಬ್ಯಾಡ, ದನಿ ಕೆಡತೈತಿ. ಮುಂದ ಹೋಗು" ಎಂದು ಬೆನ್ನಿಗೆ ಕೈಯಿಟ್ಟು ಸರಿಸಿದಳು.

ನನ್ನ ತಲೆಯಲ್ಲಿ ಲೆಕ್ಕ ಓಡಿತು. ಆಕೆ ಮುಂದೆ ನಿಂತು ಹಾಡುವ ತನಕ ಎಂದಲ್ಲವೆ ಕರಾರು? ಮುಗಿಯಿತು.

"ಅಕ್ಕಾರ, ಹಂಗಾದ್ರ ನಾ ಇನ್ನ ಹೋಗಬಹುದಲ್ರಿ?"

"ಯಾರು ಬ್ಯಾಡ ಅಂದಾರ? ಹೋಗು."

ನಾದಿನಿ ಮೊದಲ ನುಡಿ ಎತ್ತಿದಳು. ನಾನು ಹೋಗಲಿಲ್ಲ. ಅಕ್ಕ ನನ್ನನ್ನೊಮ್ಮೆ ನೋಡಿ, ಮೊಣಕೈಯಿಂದ ತಿವಿದಳು.

"ಹಂಗಾದ್ರ ಅತ್ಲಾಗ ಸರಕೋ ತಮ್ಮಾ, ನನಗೂ ಜಾಗಾ ಬೇಕು."

ನಾನು ಸರಿದೆ. ಇಬ್ಬರೂ ಕೂಡಿ ಗೀಯ ಗಾ ಗೀ ಎಳೆದೆವು.